ಒತ್ತದ ಒತ್ತು

ಮಾರ್ಚ್ ೪, ಮಂಗಳವಾರ

ಫೋನು ಬಿತ್ತು. ಬಿದ್ದದ್ದು ನನ್ನ ಕೈಯಿಂದ, ಬೀಳಿಸಿದ್ದು ಒಂದು ಇಲಿ.

ಔಷಧಿ ಅಂಗಡಿಯ ಪಕ್ಕದ ಗೋಡೆಗೆ ಯಾರೋ ಹೊಸದಾಗಿ ಬಣ್ಣದಲ್ಲಿ ಬರೆಸಿದ್ದಾರೆ: ‘ಇಲಿ ವಾಹನ ನಿಲಿಸಬಾರದು’. ಎರಡು ಒತ್ತಕ್ಷರ ಗೋಡೆಯ ಪಾಲಾಗಿವೆ. ‘ಇಲ್ಲಿ’ ಹೋಗಿ ಇಲಿಯಾಗಿದೆ. ಇಲಿಯ ವಾಹನ ಎಂಥದು, ಅದು ದಿನಾ ನಿಲ್ಲುವುದೆಲ್ಲಿ ಎಂದೆಲ್ಲ ಯೋಚಿಸಿ ಬೀದಿಯಲ್ಲಿ ಒಬ್ಬನೇ ನಕ್ಕೆ. ಫೋಟೋ ತೆಗೆದು ಇವಳಿಗೆ ತೋರಿಸೋಣ ಎಂದು ಫೋನು ಮೇಲೆತ್ತಿದೆ. ಎತ್ತಿದ ಮೇಲೆ ನೆನಪಾಯಿತು, ತೋರಿಸುವುದಕ್ಕೆ ಇವಳಿಲ್ಲ. ಅಷ್ಟು ಹೊತ್ತಿಗೆ ಬೆರಳು ಸಡಿಲವಾಗಿತ್ತು.

ಮುಖ ಅಡಿಯಾಗಿ ಬಿತ್ತು. ಎತ್ತಿ ತಿರುಗಿಸಿದರೆ ಗಾಜು ಜೇಡರ ಬಲೆ. ಎಡಗಡೆ ಕೆಳಗೆ ಶಾಯಿ ಚೆಲ್ಲಿದ ಹಾಗೆ ಒಂದು ಕಪ್ಪು ಮಚ್ಚೆ. ಉಳಿದ ಭಾಗದಲ್ಲಿ ಎಲ್ಲ ಕಾಣಿಸುತ್ತದೆ, ಆದರೆ ಮುಟ್ಟಿದರೆ ಅದಕ್ಕೆ ಗೊತ್ತಾಗುವುದಿಲ್ಲ. ಕಾಲೇಜು ಮುಗಿದ ದಿನ ಎಲ್ಲರೂ ಎಲ್ಲರ ಪುಸ್ತಕದಲ್ಲಿ ‘ಕೀಪ್ ಇನ್ ಟಚ್’ ಎಂದು ಬರೆದುಕೊಂಡಿದ್ದೆವು. ಯಾರೂ ಕೀಪಿನಲ್ಲೂ ಇಲ್ಲ, ಟಚ್ಚಿನಲ್ಲೂ ಇಲ್ಲ. ಈಗ ಇದೂ ಸೇರಿಕೊಂಡಿತು.

ಫೋನು ಇವಳದು, ನನ್ನ ಹೆಂಡತಿಯದು. ಇವಳು ಹೋದ ಮೇಲೆ ನನ್ನ ಗುಂಡಿಯ ಫೋನೂ ಸತ್ತಿತು, ಹಾಗಾಗಿ ಇದು ನನ್ನ ಕೈಗೆ ಬಂತು. ಇನ್ನು ‘ಅವಳು’ ಎಂದು ಬರೆಯಬೇಕೇನೋ, ಕೈ ಒಗ್ಗುವುದಿಲ್ಲ. ಇದರಲ್ಲಿ ಬರೆಯಲು ಕೂತರೆ ಅಕ್ಷರಗಳ ಮೇಲುಗಡೆ ಮೂರು ಪದ ತಾವಾಗಿ ಬಂದು ನಿಲ್ಲುತ್ತವೆ, ಬೇಕಾದ್ದನ್ನು ಎತ್ತಿಕೋ ಎನ್ನುವ ಹಾಗೆ. ಅವೆಲ್ಲ ಇವಳ ಪದ. ವರ್ಷಗಟ್ಟಲೆ ಇವಳು ಒತ್ತಿದ್ದನ್ನು ನೋಡಿ ನೋಡಿ ಫೋನು ಕಲಿತುಬಿಟ್ಟಿದೆ. ‘ಊ’ ಎಂದರೆ ಸಾಕು, ‘ಊಟ ಆಯತಾ’ ಎನ್ನುತ್ತದೆ. ‘ನಿ’ ಎಂದರೆ ‘ನಿದೆ ಮಾಡು’. ನಿದ್ದೆ ಅಲ್ಲ, ನಿದೆ.

ಇವಳು ಕೈಯಲ್ಲಿ ಬರೆದರೆ ಒಂದು ಒತ್ತೂ ತಪ್ಪುತ್ತಿರಲಿಲ್ಲ. ಫೋನಿನಲ್ಲಿ ಮಾತ್ರ ಒತ್ತು ಎಲ್ಲಿದೆ ಎಂದು ಸಿಗಲಿಲ್ಲ. “ಈ ಫೋನಿಗೆ ಒತ್ತಕ್ಷರ ಬರಲ್ಲ ಕಣ್ರೀ, ಬಡಪಾಯಿ ಫೋನು” ಎಂದು ಅದನ್ನೇ ಕನಿಕರಿಸುತ್ತಿದ್ದಳು. ನಾನೂ ನಂಬಿದ್ದೆ. ಇವಳು ಹೋದ ಮೇಲೆ ಕೈಗೆತ್ತಿಕೊಂಡ ಮೊದಲ ದಿನವೇ ಕಂಡಿತು: ಕೆಳಗೆ ಮೂಲೆಯಲ್ಲಿ, ಬಾಲದಂಥ ಒಂದು ಗುರುತು. ಅದನ್ನು ಒತ್ತಿ ಮುಂದಿನ ಅಕ್ಷರ ಒತ್ತಿದರೆ ಒತ್ತು. ಅಷ್ಟೇ. ಹೇಳೋಣವೆಂದರೆ ಇವಳಿಲ್ಲ.

ನಾನು ಮುದ್ರಣಾಲಯದಲ್ಲಿ ಕರಡು ತಿದ್ದಿ ಬದುಕಿದವನು. ಔಷಧದ ಚೀಟಿ, ಶಾಲೆಯ ಪುಸ್ತಕ, ರೈಲಿನ ವೇಳಾಪಟ್ಟಿ, ಏನೇ ಬರಲಿ ಕೆಂಪು ಪೆನ್ನು ಹಿಡಿದು ಕೂತವನು. ಒತ್ತಿಲ್ಲದ ಪದವನ್ನು ಎತ್ತಿಕೊಳ್ಳಲು ಮನಸ್ಸು ಬಾರದೆ, ಮಗಳಿಗೆ ಪೂರ್ತಿ ನಾನೇ ಒತ್ತಿ ಬರೆಯುತ್ತೇನೆ. ‘ನಾನು ಕ್ಷೇಮ. ನಿನ್ನ ಕ್ಷೇಮ ತಿಳಿಸುವುದು.’ ಅವಳು ಒಂದು ಹೆಬ್ಬೆಟ್ಟಿನ ಚಿತ್ರ ಕಳಿಸುತ್ತಾಳೆ. ಹೆಬ್ಬೆಟ್ಟು ಒತ್ತುವ ಗತಿ ಬರಬಾರದೆಂದು ನಾವು ಅವಳನ್ನು ಪಶುವೈದ್ಯೆಯಾಗುವವರೆಗೆ ಓದಿಸಿದ್ದು.

ಮಾರ್ಚ್ ೫, ಬುಧವಾರ

ಬೆಳಿಗ್ಗೆ ಫೋನನ್ನು ಚಹಾ ಲೋಟದ ಪಕ್ಕ ಇಟ್ಟಿದ್ದೆ. ತಾನಾಗಿ ಬೆಳಗಿತು. ನಾನು ಕೈ ಹಚ್ಚಿಲ್ಲ, ಬಿಸ್ಕತ್ತು ಹಿಡಿದಿದ್ದೆ. ಪುಟಗಳು ತಾವಾಗಿ ಸರಿದವು. ಮಗಳ ಹೆಸರು ತೆರೆಯಿತು. ಅಕ್ಷರಗಳು ಮೇಲೆದ್ದು ಬಂದವು. ಆಮೇಲೆ ನಡುವಿನ ಪದವನ್ನು ಯಾವುದೋ ಕಾಣದ ಬೆರಳು ಒಂದರ ಹಿಂದೊಂದು ಒತ್ತತೊಡಗಿತು. ನಾನು ಕಣ್ಣಾರೆ ನೋಡಿದ್ದು ಇದು:

‘ಊಟ ಆಯತಾ ಮಗು ಬಿಸಿ ನೀರು ಕುಡಿ ಕಣತುಂಬ ನಿದೆ ಮಾಡು ಅಪಂಗೆ ಹೇಳಬೇಡ ಅಪಂಗೆ ಹೇಳಬೇಡ ಅಪಂಗೆ ಹೇಳಬೇಡ’

ಹೊರಟೇಹೋಯಿತು.

ಬಿಸ್ಕತ್ತು ಚಹಾದಲ್ಲಿ ಮುಳುಗಿ ಕರಗಿದ್ದು ಆಮೇಲೆ ನೋಡಿದೆ.

ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಹೇಳುತ್ತಿದ್ದರು, ಮಾಡಿದವರು ಯಾರೆಂದು ತಿಳಿಯದಿದ್ದರೆ ಪ್ಯಾಸಿವ್ ವಾಯ್ಸ್ ಬಳಸಿ ಎಂದು. ದಿ ಲೆಟರ್ ವಾಸ್ ಪೋಸ್ಟೆಡ್. ಕೊನೆಗೆ ‘ಬೈ’ ಹಾಕಿ ಯಾರದಾದರೂ ಹೆಸರು ಬರೆಯಲೇಬೇಕೋ, ಬಿಟ್ಟರೂ ಆಗುತ್ತದೋ, ಅದು ಮರೆತಿದೆ. ಸಂದೇಶ ಕಳುಹಿಸಲ್ಪಟ್ಟಿತು. ಬೈ ಎಂದು ಬರೆದು ಮುಂದೆ ಜಾಗ ಬಿಟ್ಟು ಕೂತಿದ್ದೇನೆ.

ಮಗಳಿಂದ ಹೆಬ್ಬೆಟ್ಟು ಬರಲಿಲ್ಲ. ಮೊದಲು ‘ಅಮ್ಮಾ’ ಎಂದು ಬಂತು. ಆಮೇಲೆ ಇಷ್ಟುದ್ದ:

‘ಅಪ್ಪ, ನೀನೇ ಅಂತ ಗೊತ್ತು. ಆದ್ರೂ ಹೇಳ್ತೀನಿ. ನನ್ನ ಫೋನಲ್ಲಿ ಈ ನಂಬರಿಗೆ ಇನ್ನೂ ಅಮ್ಮ ಅಂತಾನೇ ಹೆಸರಿರೋದು. ಊಟ ಆಗಿಲ್ಲ. ನಿನ್ನೆ ಒಂದು ಕತ್ತೆಗೆ ಹೊಲಿಗೆ ಹಾಕೋವಾಗ ಮೊಣಕಾಲಿಗೆ ಒದೀತು. ಅಮ್ಮ ಇದ್ದಿದ್ರೆ ಕತೆ ಒದೀತಾ ಮಗು ಅಂತ ಬರೀತಿದ್ಲು. ಕತೆ ಜೋರಾಗೇ ಒದ್ದಿದೆ.’

ಇಷ್ಟು ಮಾತು ಅವಳು ನನಗೆ ಬರೆದದ್ದೇ ಇಲ್ಲ. ಗಾಜಿನ ಆಚೆ ಓದುತ್ತೇನೆ, ಉತ್ತರ ಕೊಡಲು ಬೆರಳು ಒಳಗೆ ಹೋಗುವುದಿಲ್ಲ. ಮೊಣಕಾಲಿಗೆ ಏನಾದರೂ ಹಚ್ಚಿದೆಯೇನೆ ಎಂದು ಕೇಳಬೇಕಿತ್ತು.

ಮಾರ್ಚ್ ೬, ಗುರುವಾರ

ಅಪಂಗೆ ಹೇಳಬೇಡ.

ಫೋನು ತಾನಾಗಿ ಏನನ್ನೂ ಹುಟ್ಟಿಸುವುದಿಲ್ಲ. ಇವಳು ಮತ್ತೆ ಮತ್ತೆ ಬರೆದಿದ್ದರೆ ತಾನೆ ಕಲಿಯುವುದು? ಏನನ್ನು ಹೇಳಬೇಡ?

ಇವಳನ್ನು ಒಯ್ದ ಆ ಎದೆನೋವು ಮೊದಲೇ ಇತ್ತೇ? ಮಗಳಿಗೆ ಗೊತ್ತಿತ್ತೇ?

ಮಾರ್ಚ್ ೭, ಶುಕ್ರವಾರ

ಬಸ್ಸು ನಿಲ್ಲುವಲ್ಲಿ, ಬೀಗದ ಅಂಗಡಿ ಮತ್ತು ಹಣ್ಣಿನ ಗಾಡಿಯ ನಡುವೆ, ಒಬ್ಬ ಹೆಂಗಸು ಫೋನು ರಿಪೇರಿ ಮಾಡುತ್ತಾಳೆ. ಬೀರುವಿನಷ್ಟು ಅಗಲದ ಅಂಗಡಿ. ಮೇಲೆ ಹಲಗೆ: ‘ಎಲ್ಲಾ ತರಹದ ಡಿಸಪ್ಲೇ ಹಾಕಲಾಗುವುದು’. ಬಾಯಿ ಸುಮ್ಮನಿರಲಿಲ್ಲ.

“ಅಮ್ಮಾ, ಡಿಸ್‌ಪ್ಲೇ ಆಗಬೇಕಿತ್ತು. ಸ ಅರ್ಧ.”

ಅವಳು ತಲೆ ಎತ್ತಲಿಲ್ಲ. “ಮೇಷ್ಟ್ರಾ?”

“ಅಲ್ಲ. ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದೆ.”

“ಸರಿ ಮೇಷ್ಟ್ರೇ. ಇಡಿ ಇಲ್ಲಿ. ಅಯ್ಯೋ, ಇದನ್ನ ಅಪ್ಪಚ್ಚಿ ಮಾಡಿಬಿಟ್ಟಿದೀರಲ್ಲ.”

ತಾನಾಗಿ ಬರೆಯುವ ವಿಷಯ ಹೇಳಿದೆ. ನಗುತ್ತಾಳೆ ಎಂದುಕೊಂಡಿದ್ದೆ.

“ಗೋಸ್ಟ್ ಟಚ್ಚು,” ಅಂದಳು. “ಗಾಜಿಗೆ ಭ್ರಮೆ ಹಿಡಿಯೋದು. ನಮ್ಮ ಬೆರಳಲ್ಲಿ ಒಂಚೂರು ಕರೆಂಟ್ ಇರತ್ತಲ್ಲ, ಅದು ತಾಗಿದ್ರೆ ಗಾಜಿಗೆ ಗೊತ್ತಾಗತ್ತೆ. ಪೆನ್ಸಿಲಲ್ಲಿ ಒತ್ತಿ ನೋಡಿ, ಸುಮ್ನಿರತ್ತೆ. ಅದಕ್ಕೆ ಜೀವ ಇರೋರೇ ಮುಟ್ಟಬೇಕು. ಒಡೆದುಹೋದಾಗ ಯಾರೂ ಮುಟ್ಟದಿದ್ರೂ ಮುಟ್ಟಿದ ಹಾಗನ್ಸತ್ತೆ ಅದಕ್ಕೆ.”

ಜೀವ ಇರುವವರೇ ಮುಟ್ಟಬೇಕು. ಇಷ್ಟು ದಿನ ಈ ಗಾಜನ್ನು ಒರೆಸಿ ಜೇಬಿಗೆ ಹಾಕಿಕೊಂಡೆ, ಇದು ನನ್ನ ಜೀವವನ್ನು ಗುರುತು ಹಿಡಿಯುತ್ತಿತ್ತೆಂದು ತಿಳಿದಿರಲಿಲ್ಲ. ಅಷ್ಟರಲ್ಲಿ ಹಣ್ಣಿನ ಗಾಡಿಯವನು, “ಬಾಳೆಹಣ್ಣಲ್ಲಿ ಮುಟ್ಟಿದ್ರೂ ಕೆಲಸ ಮಾಡತ್ತೆ ಸಾರ್, ನಾನು ನೋಡಿದೀನಿ” ಅಂದ. ಅವಳು ಅವನ ಗಾಡಿಯಿಂದಲೇ ಒಂದು ಕಿತ್ತು ತನ್ನ ಫೋನಿನ ಮೇಲೆ ಎಳೆದು ತೋರಿಸಿದಳು. ನಿಜವೇ. ಬಾಳೆಹಣ್ಣು ಯಾರಿಗೋ ಕರೆ ಮಾಡಿತು. ಆಮೇಲೆ ಅದನ್ನು ಸುಲಿದು ತಿಂದಳು.

ಮನೆಗೆ ಬರುತ್ತ ಇನ್ನೊಂದು ಹೊಳೆಯಿತು. ಇಂಗ್ಲಿಷಿನ ಗೋಸ್ಟಿನಲ್ಲಿ ಎಲ್ಲೋ ಒಂದು ಎಚ್ ಇದೆ. ಬರೆಯಬೇಕು, ಓದಬಾರದು. ಇವಳ ಕನ್ನಡದಲ್ಲಿ ಒತ್ತು ಬರೆದಿರುವುದಿಲ್ಲ, ಓದಬೇಕು.

ಮುಖ್ಯ ವಿಷಯ ಬರೆಯುವುದೇ ಮರೆತೆ. ಬರೀ ಗಾಜು ಬದಲಿಸಿದರೆ ಆಗುವುದಿಲ್ಲವಂತೆ, ಗಾಜಿನ ಕೆಳಗಿನ ಬೆಳಕಿನ ಹಾಳೆಯೇ ಸೋರಿದೆ, ಎರಡೂ ಸೇರಿ ಒಂದೇ ತುಂಡು. ಫೋನು ಹಳೆಯದು, ಕಂಪನಿ ಇದರ ಹೊಸ ತುಂಡು ಮಾಡುವುದನ್ನೇ ನಿಲ್ಲಿಸಿದೆ. ಬೇರೆ ಯಾರೋ ಮಾಡಿದ ನಕಲು ತುಂಡು ಸಿಗುತ್ತದೆ. ಇಲ್ಲವೆ ಇನ್ನೊಂದು ಸತ್ತ ಫೋನಿನಿಂದ ಬಿಚ್ಚಿದ ಅಸಲಿ ತುಂಡು. “ಎರಡೂ ತರಿಸ್ತೀನಿ, ನೀವೇ ನೋಡಿ ಆರಿಸಿ,” ಅಂದಳು.

“ಬದಲಿಸಿದರೆ ಒಳಗಿರುವ ಪದಗಳು ಉಳಿಯುತ್ತವೆಯೇ?”

“ಯಾವ ಪದ?”

ವಿವರಿಸಿದೆ. ಅವಳು ತಿರುಪುಳಿ ಕೆಳಗಿಟ್ಟಳು. “ಫೋಟೋ ಕೇಳ್ತಾರೆ, ನಂಬರ್ ಕೇಳ್ತಾರೆ. ಇದನ್ನ ಯಾರೂ ಕೇಳಿಲ್ಲ. ಸಿಮ್ಮಲ್ಲಿರತ್ತೇನೋ. ಇಲ್ಲ, ಸಿಮ್ಮಲ್ಲಿ ಇರಲ್ಲ. ಸುಳ್ಳು ಯಾಕೆ ಹೇಳಲಿ ಮೇಷ್ಟ್ರೇ, ನಂಗೊತ್ತಿಲ್ಲ. ಆದ್ರೆ ಒಂದು ಮಾತು. ಅದು ತಾನಾಗಿ ಒತ್ಕೊಂಡು ಹೋಗ್ತಾ ಇದ್ರೆ ಒಂದಿನ ‘ಎಲ್ಲ ಅಳಿಸು’ ಅನ್ನೋದನ್ನೂ ಒತ್ತತ್ತೆ. ಹಂಗಾಗಿ ಪೂರ್ತಿ ಖಾಲಿಯಾದ ಫೋನು ನಾನೇ ನೋಡಿದೀನಿ.”

ಫೋನು ಆರಿಸಿಯೇ ಇಡಿ ಎಂದು ಎಚ್ಚರಿಸಿದಳು. ಕರೆ ಬಂದರೆ ತೆಗೆಯಲು, ನಡುವೆ ಗುಂಡಿ ಇರುವ ಒಂದು ಕಿವಿಯ ತಂತಿ ಕೊಟ್ಟಳು.

ಆರಿಸಿಯೇ ಇಡಬೇಕು ಎಂದರೆ, ಕರೆ ಬರುವುದು ಹೇಗೆ? ಕೇಳಲು ಮರೆತೆ.

ಮಾರ್ಚ್ ೯, ಭಾನುವಾರ

ಮಗಳಿಗೆ ಭಾನುವಾರ ಬಿಡುವು. ಅದಕ್ಕೇ ಊಟವಾದ ಮೇಲೆ ಫೋನು ಹಾಕಿ, ತಂತಿ ಸಿಕ್ಕಿಸಿ ಎದುರಿಗೆ ಕೂತೆ. ಅವಳೇ ಮಾಡಿದಳು. ಗುಂಡಿ ಒತ್ತಿದೆ.

“ಅಪ್ಪ, ನೀನಾ ಕಳಿಸಿದ್ದು ಅವತ್ತು?”

“ಕಳಿಸಲ್ಪಟ್ಟಿತು,” ಅಂದೆ.

“ಏನು ಹಾಗಂದ್ರೆ?”

ಬಿದ್ದದ್ದು, ಒಡೆದದ್ದು, ಭ್ರಮೆ ಹಿಡಿದದ್ದು ಎಲ್ಲ ಹೇಳಿದೆ. ಇಲಿಯದ್ದು ಮಾತ್ರ ಹೇಳಲಿಲ್ಲ. ಆಚೆ ಎಲ್ಲೋ ನಾಯಿ ಬೊಗಳುತ್ತಿತ್ತು. ಅವಳು ಅದಕ್ಕೆ ಸುಮ್ನಿರೋ ಅಂದಳು, ನನಗಲ್ಲ.

“ಹೊಸದು ತಗೊಂಡುಬಿಡು ಅಪ್ಪ. ಈ ವಯಸ್ಸಲ್ಲಿ ಆ ಹಳೇ ಡಬ್ಬಿ ಹಿಡ್ಕೊಂಡು ಯಾಕೆ ಒದ್ದಾಡ್ತೀಯ?”

“ಹೊಸದಕ್ಕೆ ನಿಮ್ಮಮ್ಮನ ಪದ ಬರುತ್ತದೆಯೇ?”

“ಮೆಸೇಜೆಲ್ಲ ನನ್ನ ಹತ್ರಾನೂ ಇದೆ. ಅದು ಕಲಿತಿರೋದು ಬರತ್ತೋ ಇಲ್ವೋ ಗೊತ್ತಿಲ್ಲಪ್ಪ.”

ಧೈರ್ಯ ಮಾಡಿ ಕೇಳಿದೆ. “ಅಪ್ಪನಿಗೆ ಹೇಳಬೇಡ ಅಂತ ಬರೆದಳಲ್ಲ. ಏನದು?”

“ನೀನು ಓದಿಲ್ವಾ? ಫೋನು ನಿನ್ನ ಕೈಯಲ್ಲೇ ಇತ್ತಲ್ಲ ಇಷ್ಟು ದಿನ.”

ಓದಿಲ್ಲ. ಇವಳು ಹೋದ ಮೇಲೂ ಮಗಳು ಇದೇ ನಂಬರಿಗೆ ದಿನಾ ಏನೇನೋ ಬರೆಯುತ್ತಿದ್ದಳು, ಅಮ್ಮಾ ಅಮ್ಮಾ ಎಂದು. ನಾನು ಶುರು ಮಾಡುವ ಹೊತ್ತಿಗೆ ಅದೇ ಒಂದು ರಾಶಿಯಾಗಿತ್ತು. ನಾನು ಅದರ ಕೆಳಗೆ ಬರೆದುಕೊಂಡು ಬಂದವನು, ಮೇಲಕ್ಕೆ ಹೋಗಿಲ್ಲ. ಅದು ನನ್ನ ಹೆಸರಿಗೆ ಬಂದದ್ದಲ್ಲ. ಸಂಬಳಕ್ಕೆ ಊರವರ ಬರಹವನ್ನೆಲ್ಲ ಓದಿದವನು, ಸಂಬಳವಿಲ್ಲದೆ ಇದನ್ನು ಓದುವುದೇ? ಹಾಗೆಂದು ಅವಳಿಗೆ ಹೇಳಿದೆ.

“ನಾನು ಹೇಳೋ ಹಾಗಿಲ್ಲ ಅಪ್ಪ,” ಅಂದಳು. ಅಳುತ್ತಿದ್ದಾಳೆ ಎಂದು ತಿಳಿಯುವಷ್ಟರಲ್ಲಿ ಯಾವುದೋ ಹಸುವಿಗೆ ನೋವು ಬಂದಿದೆಯಂತೆ, ಇಟ್ಟಳು.

ಹೇಳುವ ಹಾಗಿಲ್ಲ ಎಂದರೆ ಎದೆನೋವೇ ಇರಬೇಕು.

ಮಾರ್ಚ್ ೧೦, ಸೋಮವಾರ

ಬೆಳಿಗ್ಗೆ ಫೋನು ಹಾಕಿದೆ. ಹಾಕಬಾರದಿತ್ತು. ತಾನಾಗಿ ಒಂದು ಪುಟದಿಂದ ಇನ್ನೊಂದಕ್ಕೆ ಹಾರಿ, ನಾನು ಕಂಡೇ ಇಲ್ಲದ ಪುಟದಲ್ಲಿ ನಿಂತು, ‘ಕಲಿತ ಪದಗಳನ್ನು ಅಳಿಸಬೇಕೆ?’ ಎಂದು ಕೇಳಿತು. ಕೇಳಿದ್ದೂ ಅದೇ, ಉತ್ತರ ಕೊಡಬೇಕಾದದ್ದೂ ಅದೇ. ಪಕ್ಕದ ಗುಂಡಿಯನ್ನು ಹೆಬ್ಬೆರಳು ಬಿಳುಚುವ ತನಕ ಅಮುಕಿ ಹಿಡಿದೆ. ಆರಿತು.

ಅಳಿಸಿದ ಮೇಲೆ ಆರಿತೋ, ಆರಿದ್ದರಿಂದ ಉಳಿಯಿತೋ. ಹಾಕಿ ನೋಡುವ ಧೈರ್ಯವಿಲ್ಲ.

ಮಾರ್ಚ್ ೧೨, ಬುಧವಾರ

ಇವತ್ತು ಕಂಡದ್ದನ್ನು ನಿಧಾನವಾಗಿ ಬರೆಯಬೇಕು.

ಎರಡು ತುಂಡೂ ಬಂದಿದ್ದವು. ಅಂಗಡಿಯಾಕೆ ಫೋನಿನ ಅಂಚಿಗೆ ಬಿಸಿಗಾಳಿ ಹಿಡಿದು, ಅಂಟು ಮೆತ್ತಗಾದ ಮೇಲೆ ತೆಳ್ಳನೆಯ ತಗಡು ತೂರಿಸಿ, ಪುಸ್ತಕ ತೆರೆದ ಹಾಗೆ ತೆರೆದಳು. ಆ ಹೊತ್ತಿನಲ್ಲಿ ಮಾತ್ರ ಅವಳ ಬಾಯಿ ನಿಂತಿತ್ತು. ಒಳಗೆ ಏನಿರುತ್ತದೆಂದು ನಾನು ಎಣಿಸಿದ್ದೆನೋ; ಇದ್ದದ್ದು ಹಸಿರು ಹಲಗೆಯ ಚೂರುಗಳು, ಒಂದು ಕಪ್ಪು ಬ್ಯಾಟರಿ, ಉಗುರಿನಷ್ಟು ಅಗಲದ ಒಂದು ಚೌಕ. “ಬುದ್ಧಿಯೆಲ್ಲ ಅದರಲ್ಲೇ” ಎಂದು ಇಕ್ಕಳದ ತುದಿಯಲ್ಲಿ ತೋರಿಸಿದಳು. ನಮ್ಮ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆಗಳಿಗೇ ಒಂದು ಕೋಣೆ ಬೇಕಿತ್ತು. ಊಟ ಆಯತಾ ಎನ್ನುವುದು ಈ ಉಗುರಿನ ಒಳಗೆ ಎಲ್ಲಿ ಕೂತಿದೆಯೋ. ಕನ್ನಡಕ ತೆಗೆದೂ ನೋಡಿದೆ, ಹಾಕಿಯೂ ನೋಡಿದೆ. ಕಾಣುವುದಿಲ್ಲ. ಕಾಣುವುದಿಲ್ಲ, ಆದರೆ ಅಲ್ಲಿದೆ.

ಮೊದಲು ನಕಲು ತುಂಡನ್ನು ಪಟ್ಟಿಯಂಥ ತಂತಿಯಲ್ಲಿ ಸಿಕ್ಕಿಸಿದಳು. ಅಂಟಿಸುವುದಿಲ್ಲ, ಸುಮ್ಮನೆ ಮೇಜಿನ ಮೇಲಿಟ್ಟು ನೋಡುವುದು. ಹೊಚ್ಚ ಹೊಸದು, ಕಲೆಯಿಲ್ಲ, ಒಂಚೂರು ನೀಲಿ ಹೊಡೆಯುತ್ತದೆ. ‘ಮ’ ಒತ್ತಿದೆ. ಪಕ್ಕದ ಅಕ್ಷರ ಬಂತು. ಮತ್ತೆ ಒತ್ತಿದೆ, ಮತ್ತೆ ಪಕ್ಕದ್ದು.

“ಒಂಚೂರು ಆಚೆ ಒತ್ತೋದು ಅಭ್ಯಾಸ ಮಾಡ್ಕೊಂಡ್ರೆ ಆಯ್ತು ಮೇಷ್ಟ್ರೇ.”

“ಸರಿ ಬರಬೇಕೆಂದು ತಪ್ಪು ಒತ್ತುವುದೇ?”

“ನೀವು ಮೇಷ್ಟ್ರಲ್ಲ ಅಂತ ಇನ್ನೊಂದ್ಸಲ ಹೇಳಿ ನೋಡೋಣ.”

ಆಮೇಲೆ ಬಿಚ್ಚಿ ತಂದ ತುಂಡು. ಅಂಚಿನಲ್ಲಿ ಸಣ್ಣ ಗೀರು. ಬಣ್ಣ ಬೆಣ್ಣೆಯ ಹಾಗೆ. ಬಿಳಿ ಪುಟ ತೆರೆದಾಗ ನಾನು ಮುಂದಕ್ಕೆ ಬಗ್ಗಿದೆ. ಬಿಳಿಯ ಒಳಗೆ ಏನೋ ನೆರಳು. ಮಸುಕಾದ ಗೆರೆಗಳು, ಒಂದು ಬಾಗು, ಅದರ ತುದಿಯಲ್ಲಿ ಮೇಲ್ಮುಖವಾಗಿ ಒಂದು ಬಾಣ.

“ಟ್ಯಾಕ್ಸಿಯೋನ ಫೋನಿಂದ ತೆಗ್ದಿದ್ದು,” ಅಂದಳು. “ದಿನವಿಡೀ ದಾರಿ ತೋರಿಸ್ತಾನೇ ಇತ್ತಲ್ಲ, ಅಚ್ಚಾಗಿ ಕೂತುಬಿಟ್ಟಿದೆ. ಏನು ಮಾಡಿದ್ರೂ ಹೋಗಲ್ಲ. ಅದಕ್ಕೇ ಯಾರೂ ತಗೊಳ್ಳಲ್ಲ.”

ಶಾಯಿ ಒಣಗುವ ಮೊದಲೇ ಹಾಳೆ ಪೇರಿಸಿದರೆ ಒಂದು ಪುಟದ ಅಕ್ಷರ ಎದುರು ಪುಟಕ್ಕೆ ಮಸುಕಾಗಿ ಹತ್ತುತ್ತದೆ. ಅಂಥ ಹಾಳೆಗಳನ್ನು ನಾವು ರದ್ದಿಗೆ ಹಾಕುತ್ತಿದ್ದೆವು. ಇಲ್ಲಿ ಹತ್ತಿದ್ದು ಶಾಯಿಯಲ್ಲ, ದಾರಿ. ಯಾರೋ ಒಬ್ಬ ಯಾರು ಯಾರನ್ನೋ ಎಲ್ಲೆಲ್ಲಿಗೋ ಮುಟ್ಟಿಸಿದ್ದಾನೆ. ಆ ತಿರುವುಗಳೆಲ್ಲ ಸೇರಿ ಒಂದು ಬಾಣವಾಗಿ ಬೆಳಕಿನೊಳಗೇ ಉಳಿದುಬಿಟ್ಟಿದೆ. ಉಳಿಯಲಿ ಎಂದು ಅವನು ಬಿಟ್ಟದ್ದಲ್ಲ, ಮತ್ತೆ ಮತ್ತೆ ಮಾಡಿದ್ದರಿಂದ ಉಳಿದದ್ದು. ಇವಳ ಪದಗಳೂ ಹಾಗೇ ತಾನೆ ಉಳಿದದ್ದು. ಕಣ್ಣು ಕೀಳಲಾಗಲಿಲ್ಲ.

‘ಮ’ ಒತ್ತಿದೆ. ಮ ಬಂತು. ಅಳಿಸಿ ‘ಊ’ ಒತ್ತಿದೆ.

ಮೇಲೆ, ಬಾಣದ ಪಕ್ಕದಲ್ಲಿ, ‘ಊಟ ಆಯತಾ’.

ಇದೆ. ಅಳಿದಿಲ್ಲ.

“ಯಾವುದು ಹಾಕಲಿ?” ಅಂದಳು. “ಇದಕ್ಕೆ ಈ ನೆರಳು ಇರತ್ತೆ, ಆಮೇಲೆ ಬಂದು ಜಗಳ ಆಡಬಾರದು.”

“ಸ್ಟೆಟ್,” ಅಂದೆ.

“ಅದ್ಯಾವ ಕಂಪನಿ?”

ಕಂಪನಿಯಲ್ಲ, ಕರಡಿನ ಗುರುತು. ತಪ್ಪೆಂದು ಹೊಡೆದುಹಾಕಿದ ಪದವನ್ನು ಮತ್ತೆ ಉಳಿಸಬೇಕೆಂದರೆ ಅದರಡಿ ಚುಕ್ಕೆಗಳನ್ನಿಟ್ಟು ಹಾಗೆ ಬರೆಯುತ್ತಾರೆ. ಲ್ಯಾಟಿನ್ನೋ ಗ್ರೀಕೋ, ಕಾಲೇಜಿನಲ್ಲಿ ಹೇಳಿದ್ದರು. ಇದ್ದ ಹಾಗೇ ಇರಲಿ, ತಿದ್ದಬೇಡ ಎಂದು ಅರ್ಥ ಹೇಳಿದೆ. ನಾನು ಕೆಲಸದಲ್ಲಿ ಇದನ್ನು ಬರೆದದ್ದೇ ಅಪರೂಪ.

“ಹಂಗಾದ್ರೆ ನನ್ನ ಬೋರ್ಡಿಗೂ ಅದೇ,” ಅಂದಳು ಅಂಗಡಿಯಾಕೆ.

ಅಂಟು ಒಣಗಬೇಕು, ನಾಳೆ ಬನ್ನಿ ಎಂದಳು.

ಮಾರ್ಚ್ ೧೩, ಗುರುವಾರ

ಅಂಗಡಿ ತೆಗೆಯುವ ಮೊದಲೇ ಹೋಗಿ ನಿಂತಿದ್ದೆ. ಮನೆಗೆ ಬಂದು ಅಡುಗೆಮನೆಯ ಮೇಜಿಗೆ ಕೂತು, ಕೈ ಒರೆಸಿಕೊಂಡು, ಒತ್ತಿದೆ. ಇವಳು ಬರೆಯುತ್ತಿದ್ದ ಹಾಗೆಯೇ ಒತ್ತಿದೆ, ಒತ್ತು ಬಿಟ್ಟು. ಅ ಪಂ ಗೆ. ಮುಂದಿನದನ್ನು ಅದೇ ಹೇಳಿತು: ‘ಹೇಳಬೇಡ’. ಎತ್ತಿಕೊಂಡೆ. ಮತ್ತೆ ಮೂರು ಪದ ಬಂದವು. ನಡುವೆ ಅದೇ ‘ಅಪಂಗೆ’. ಕಾಣದ ಬೆರಳು ಸುತ್ತಿ ಸುತ್ತಿ ಒತ್ತಿದ್ದು ಅದನ್ನು. ಎಡಗಡೆ, ಇಷ್ಟು ದಿನ ಶಾಯಿಯ ಮಚ್ಚೆ ಮುಚ್ಚಿಕೊಂಡಿದ್ದ ಜಾಗದಲ್ಲಿ, ಇನ್ನೊಂದು ಪದ ಇತ್ತು.

‘ನಾನೇ’.

ಅದನ್ನು ಒತ್ತಿದೆ. ಮೂರರಲ್ಲಿ ಎರಡು ಖಾಲಿ, ಒಂದೇ ಪದ ಬಂತು.

‘ಹೇಳತೀನಿ’.

ಅಪಂಗೆ ಹೇಳಬೇಡ ನಾನೇ ಹೇಳತೀನಿ.

ಎದ್ದು ನೀರು ಕುಡಿದು ಮತ್ತೆ ಬಂದು ನೋಡಿದೆ. ಹಾಗೇ ಇತ್ತು.

ಮಗಳು ಪಾಸಾದದ್ದು ನನಗೆ ಹೇಳಿದವಳು ಇವಳು, ನಾನು ಗಡ್ಡ ಕೆರೆಯುತ್ತಿದ್ದಾಗ. ಕೆಲಸ ಸಿಕ್ಕಿದ್ದು, ಬಾಡಿಗೆ ಮನೆ ಬದಲಿಸಿದ್ದು, ಕುದುರೆ ಕಚ್ಚಿದ್ದು, ಎಲ್ಲ ಇವಳ ಬಾಯಿಂದಲೇ ಬಂತು. ಚಹಾ ಲೋಟ ಕೈಗೆ ಕೊಟ್ಟು, ಲೋಟದ ಅಂಚನ್ನು ಬಿಡದೆ, “ಒಂದು ವಿಷಯ ಗೊತ್ತಾ ನಿಮಗೆ” ಎನ್ನುತ್ತಿದ್ದಳು. ನಾನು ಗೊತ್ತಿಲ್ಲ ಎಂದ ಮೇಲೆಯೇ ಲೋಟ ಬಿಡುವುದು. ಮಗಳು ನನಗೆ ಏನನ್ನೂ ಬರೆಯುವುದಿಲ್ಲ, ಹೆಬ್ಬೆಟ್ಟು ಮಾತ್ರ ಕಳಿಸುತ್ತಾಳೆ ಎಂದು ನಾನು ಕೊರಗಿದ್ದು. ಅವಳಿಗೆ ಬರೆಯಲು ಅಪ್ಪಣೆಯೇ ಇರಲಿಲ್ಲ.

ಕಂಡದ್ದನ್ನು ಹಾಗೇ ಮಗಳಿಗೆ ಬರೆದೆ. ಎದೆನೋವಿನ ಸಂಶಯವನ್ನೂ ಬರೆದೆ.

‘ಅದು ನನಗೂ ಗೊತ್ತಿರಲಿಲ್ಲ ಅಪ್ಪ. ಯಾರಿಗೂ ಹೇಳಿರಲಿಲ್ಲ, ಅವಳಿಗೇ ಗೊತ್ತಿತ್ತೋ ಇಲ್ವೋ. ಮೇಲಕ್ಕೆ ಹೋಗಿ ಅವಳ ಕೊನೇದು ಓದು. ಅದೊಂದು ಅವಳು ನಿಂಗೆ ಹೇಳೋಕಾಗಲಿಲ್ಲ. ಹೇಳಬೇಡ ಅಂದಿದ್ಲು, ಅದಕ್ಕೆ ನಾನೂ ಹೇಳಲಿಲ್ಲ. ನಿನ್ನ ಹತ್ರ ಮಾತಾಡಿದ್ರೆ ಎಲ್ಲಿ ಬಾಯಿಗೆ ಬಂದುಬಿಡತ್ತೋ ಅಂತ ಮಾತೇ ಆಡ್ತಿರಲಿಲ್ಲ.’

ಮೇಲಕ್ಕೆ ಹೋದೆ. ಮಗಳ ಅಮ್ಮಾ ಅಮ್ಮಾಗಳನ್ನು ಓದದೆ, ಕಣ್ಣು ಅರೆ ಮುಚ್ಚಿಕೊಂಡು ದಾಟಿದೆ. ಬಿಳಿಯ ಒಳಗೆ ಟ್ಯಾಕ್ಸಿಯವನ ಬಾಣವೂ ಮೇಲಕ್ಕೇ ತೋರಿಸುತ್ತಿತ್ತು. ಇವಳ ಕೊನೆಯದು, ಅವತ್ತಿನ ಮಧ್ಯಾಹ್ನದ್ದು. ಅವತ್ತು ಸಂಜೆ ನಾನು ಮನೆಗೆ ಬಂದಾಗ ಲೋಟ ಹಿಡಿಯುವವಳು ಇರಲಿಲ್ಲ.

‘ಮಗು ಒತು ಎಲಿದೆ ಅಂತ ಸಿಕತು’

‘ಅಪಂಗೆ ಹೇಳಬೇಡ ನಾನೇ ಹೇಳತೀನಿ’

ಅದರ ಕೆಳಗೆ, ಒಂದೊಂದೂ ಬೇರೆ ಬೇರೆಯಾಗಿ:

‘ಅಪ’

‘ಅಪ್’

‘ಅಪ್’

‘ಅಪ್ಪ’

‘ಅಪ್ಪ’

ಮಾರ್ಚ್ ೧೬, ಭಾನುವಾರ

ಬೆಳಿಗ್ಗೆ ಔಷಧಿ ಅಂಗಡಿಯ ಕಡೆ ಹೋಗಿ ಗೋಡೆಯ ಫೋಟೋ ತೆಗೆದೆ. ಎರಡೂ ಕೈಯಲ್ಲಿ ಹಿಡಿದು ತೆಗೆದೆ. ಇಲಿ ಹಾಗೇ ಇದೆ, ಯಾರೂ ತಿದ್ದಿಲ್ಲ. ಕೆಳಗೆ ಯಾರೋ ಒಂದು ಮೋಟಾರು ಬೈಕು ನಿಲ್ಲಿಸಿದ್ದರು. ಮಗಳಿಗೆ ಕಳಿಸಿದೆ.

‘ಲೈಸನ್ಸ್ ಇರೋ ಇಲಿ ಇರಬೇಕು ಅಪ್ಪ,’ ಎಂದು ಬಂತು. ಹಿಂದೆಯೇ ಇನ್ನೊಂದು: ‘ಒಂದು ವಿಷಯ ಗೊತ್ತಾ ನಿಂಗೆ?’

ಗೊತ್ತಿಲ್ಲ ಎಂದು ಬರೆದೆ.

ಹೊಸ ಪ್ರಾಣಿ ಆಸ್ಪತ್ರೆಯನ್ನು ಪೂರ್ತಿ ಅವಳ ಕೈಗೇ ಕೊಡುತ್ತಾರಂತೆ. ಕುದುರೆಗೂ ಕತ್ತೆಗೂ ಬೇರೆ ಬೇರೆ ಕೊಟ್ಟಿಗೆ. ಮೊದಲು ನಿನಗೇ ಹೇಳುತ್ತಿದ್ದೇನೆ, ಇನ್ನೂ ಯಾರಿಗೂ ಗೊತ್ತಿಲ್ಲ ಎಂದು ಬರೆದಳು. ಮೊಣಕಾಲು ವಾಸಿಯಾಗಿದೆ. ಮುಂದಿನ ವಾರ ಬಂದು ನಾಲ್ಕು ದಿನ ಇರುತ್ತಾಳೆ, ಬಾಣ ನೋಡಬೇಕಂತೆ.

ಮೇಲೆ ಬಂದ ಪದಗಳನ್ನು ಒಂದೊಂದಾಗಿ ಎತ್ತಿಕೊಂಡು ಕಳಿಸಿದೆ, ಬೇಗ ಆಯಿತು. ಹೆಬ್ಬೆಟ್ಟು ಬರಲಿಲ್ಲ. ಏನೇನೋ ಬಂತು, ನಗುವ ಮುಖ, ಅಳುವ ಮುಖ, ಒಂದು ಕತ್ತೆ.

ಅಂಗಡಿಯಾಕೆ ಹಲಗೆ ಬದಲಿಸಿದ್ದಾಳೆ. ಈಗ ‘ಡಿಸ್ಪ್‌ಲೇ’. ಮುಂದಿನ ಸಲ ಹೇಳಬೇಕು. ಹೇಳದಿದ್ದರೂ ನಡೆಯುತ್ತದೆ.

ಕೊಠಡಿ ಗುಡಿಸಿ, ಮಗಳ ಹಾಸಿಗೆಯನ್ನು ಬಿಸಿಲಿಗೆ ಹಾಕಿ ಬಂದೆ. ಊಟ ಆಯತು. ಬಿಸಿಲು ಕಿಟಕಿಯ ಹತ್ತಿರ ಬಂದಿದೆ, ಸ್ವಲ್ಪ ನಿದೆ ಮಾಡುತ್ತೇನೆ. ಎಲ್ಲ ಚೆನಾಗಿದೆ.